ಧರ್ಮಣ್ಣ ನಡೆದ ಅರ್ಧ ಹಳ್ಳ

ಅಮೆರಿಕದಲ್ಲಿ ಲಾರಿ ಓಡಿಸುವವರು ಸ್ಟೇರಿಂಗಿನ ಪಕ್ಕದಲ್ಲಿ ಪುಟ್ಟದೊಂದು ರೇಡಿಯೊ ಇಟ್ಟುಕೊಂಡಿರುತ್ತಾರಂತೆ. ಅದರಲ್ಲಿ ಹಾಡು ಬರುವುದಿಲ್ಲ. ನಾಲ್ಕಾರು ಮೈಲಿ ಆಚೆ ಬರುತ್ತಿರುವ ಇನ್ನೊಬ್ಬ ಡ್ರೈವರನ ಮಾತು ಬರುತ್ತದೆ. ಪೊಲೀಸರು ಮರೆಯಲ್ಲಿ ನಿಂತು ಯಂತ್ರ ಹಿಡಿದು ಗಾಡಿಯ ವೇಗ ಅಳೆಯುತ್ತಿದ್ದರೆ ಮೊದಲೇ ಕೀಂ ಎಂದು ಕೂಗಿ ಎಚ್ಚರಿಸುವ ಪೆಟ್ಟಿಗೆಯೂ ಉಂಟಂತೆ. ವಾರಪತ್ರಿಕೆಯಲ್ಲಿ ಇದನ್ನು ಓದಿದ ದಿನವೇ ಅಫಜಲಪುರದ ನಮ್ಮ ಮನೆಯ ಮುಂದೆ ಲಾರಿ ನಿಲ್ಲಿಸಿ ನೀರು ಕೇಳಿದ ಧರ್ಮಣ್ಣನಿಗೆ ಓದಿ ಹೇಳಿದೆ. ಆತ ತಂಬಿಗೆ ಪೂರ್ತಿ ಮುಗಿಸಿ, ಮೀಸೆ ಒರೆಸಿಕೊಂಡು, ಈ ಕಡೆ ಅಮ್ಮಾವರಿಗೆ ಅನ್ನುವ ಹಾಗೆ ನನ್ನನ್ನು ‘ಬಾಯಾರ’ ಎಂದು ಕರೆದು ಕೇಳಿದ:

“ಅದರ ಸೆಲ್ ಮುಗದ್ರ ಏನ್ ಮಾಡ್ತಾರ್ರಿ ಬಾಯಾರ, ಅವ್ರು?”



ಧರ್ಮಣ್ಣ ಆಳಂದ ತಾಲ್ಲೂಕಿನ ಸರಸಂಬಾದವನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಮೀಸೆ ಮೂಡುವ ಮೊದಲೇ ಮಹಾದೇವಪ್ಪ ಎಂಬ ಡ್ರೈವರನ ಲಾರಿ ಹತ್ತಿದ. ಆ ಉಸ್ತಾದ ಕಲಿಸಿದ್ದೆಲ್ಲ ಬೆನ್ನ ಮೇಲೆ ಗುದ್ದಿಯೇ. “ಎದುರು ಬರೋ ಗಾಡಿ ನೋಡಬ್ಯಾಡಲೇ, ಆ ಗಾಡಿ ಏನ್ ನೋಡಿ ಬಂದದ ಅದನ್ನ ನೋಡು” ಎನ್ನುತ್ತಿದ್ದನಂತೆ. ಇಪ್ಪತ್ತೈದು ವರ್ಷವಾಯಿತು, ಆಳಂದದ ತೊಗರಿಬೇಳೆ, ಅಫಜಲಪುರದ ಹೆಸರುಕಾಳು, ಜೇವರ್ಗಿಯ ಹತ್ತಿ, ಯಾವ ಸುಗ್ಗಿಗೆ ಯಾವುದೋ ಅದನ್ನು ಹೇರಿಕೊಂಡು ಧರ್ಮಣ್ಣ ಇದೇ ರಸ್ತೆಗಳಲ್ಲಿ ಓಡಾಡುತ್ತಿದ್ದಾನೆ. ಈ ಲಾರಿಗಳವರಿಗೆ ಒಂದು ಕೈಭಾಷೆ ಇದೆ. ಎದುರಿನವನು ಒಮ್ಮೆ ದೀಪ ಮಿನುಗಿಸಿದರೆ ಮುಂದೆ ದಾರಿ ಸಾಫ್. ಕಿಟಕಿಯಾಚೆ ಅಂಗೈ ಚಾಚಿ ಗಾಳಿಯನ್ನು ಮೆಲ್ಲಗೆ ತಟ್ಟಿದರೆ ಚೆಕಿಂಗ್ ನಡೆದಿದೆ ಎಂದರ್ಥ, ತಟ್ಟಿದ ಮೇಲೆ ಅಂಗೈ ನೆತ್ತಿಗೆ ಹೋದರೆ ಅಲ್ಲಿರುವುದು ಟೋಪಿಯವರು, ಎಂದರೆ ಪೊಲೀಸರು. ಹಳ್ಳ ಬಂದಿದ್ದರೆ ನೀರು ಎಷ್ಟೆತ್ತರ ಎಂದು ಬಾಗಿಲಿಗೆ ಅಡ್ಡ ಕೈ ಹಿಡಿದು ತೋರಿಸುತ್ತಾರೆ. ಬೆರಳು ಗಿರಗಿರ ತಿರುಗಿತೋ, ಬಂದ ದಾರಿಗೆ ಸುಂಕವಿಲ್ಲ, ಹಿಂದಿರುಗು!

“ಮನ್ಯಾಗೂ ಅದೇ ಚಾಳಿ ನೋಡ್ರಿ” ಎಂದು ಆತನ ಹೆಂಡತಿ ಅಂಬುಬಾಯಿ ಒಮ್ಮೆ ನನಗೆ ದೂರಿದ್ದಳು. “ಪಲ್ಯಾಕ್ಕ ಉಪ್ಪು ಸರಿ ಅದ ಏನು ಅಂದ್ರ ಬಾಯಿ ಬಿಡಂಗಿಲ್ಲ. ಒಂದ್ಸಲ ಕಣ್ಣು ಮಿಟಕಸ್ತಾನ. ಸಾಫ್ ಅದ ಅಂತ ನಾ ತಿಳ್ಕೋಬೇಕು!”

ಇಂಥ ಮನುಷ್ಯನನ್ನು ನಾನು ನಂಬಲು ಕಲಿತದ್ದು ಎರಡು ವರ್ಷದ ಹಿಂದೆ, ಭಾದ್ರಪದದಲ್ಲಿ. ಬೆಂಗಳೂರಿನಲ್ಲಿ ಓದಿ ಬೆಳೆದವಳು ನಾನು. ನಮ್ಮವರು ದನದ ಡಾಕ್ಟರು. ಅಫಜಲಪುರಕ್ಕೆ ವರ್ಗವಾಗಿ ಬಂದು ವರ್ಷವಾಗಿತ್ತು. ಮಗಳಿಗೆ ಒಂಬತ್ತು ತಿಂಗಳು. ನೀರನ್ನು ಎರಡು ಸಲ ಕುದಿಸಿ, ಮೂರು ಸಲ ಸೋಸಿ ಕುಡಿಸುತ್ತಿದ್ದೆ. ಆದರೂ ಒಂದು ಬೆಳಿಗ್ಗೆ ಮಗುವಿಗೆ ವಾಂತಿ ಭೇದಿ ಶುರುವಾಯಿತು. ಮರುದಿನ ಬೆಳಕು ಹರಿಯುವಾಗ ಅದು ಅಳುತ್ತಿತ್ತು, ಕಣ್ಣಲ್ಲಿ ನೀರೇ ಬರುತ್ತಿರಲಿಲ್ಲ. ನೆತ್ತಿ ಕುಳಿಬಿದ್ದಿತ್ತು. ನಮ್ಮವರು ಆ ದಿನ ಆಳಂದದಲ್ಲಿ. ಎರಡು ದಿನ ಮೊದಲೇ ಮೀಟಿಂಗಿಗೆಂದು ಹೋದವರಿಗೆ ಮಗುವಿಗೆ ಹುಷಾರಿಲ್ಲವೆಂಬುದೇ ಗೊತ್ತಿಲ್ಲ; ತಿಳಿಸಲು ಮನೆಯಲ್ಲಿ ಫೋನೂ ಇರಲಿಲ್ಲ. ಊರಿನ ಡಾಕ್ಟರು ನೋಡಿ, “ಇಷ್ಟು ಸಣ್ಣ ಕೂಸಿಗೆ ಸಲೈನ್ ಹಚ್ಚಬೇಕಂದ್ರ ಕಲಬುರ್ಗಿನೇ ಚಲೋ. ಮಧ್ಯಾಹ್ನದೊಳಗ ಮುಟ್ಟಿಸ್ರಿ. ದಾರಿಯುದ್ದಕ್ಕೂ ಉಪ್ಪು ಸಕ್ಕರಿ ನೀರು ಚಮಚದಿಂದ ಕೊಡ್ತಾ ಇರ್ರಿ” ಎಂದರು.

ಬಸ್ ನಿಲ್ದಾಣಕ್ಕೆ ಓಡಿದರೆ ಕಲಬುರ್ಗಿಯ ಬಸ್ಸು ಬಂದೇ ಇರಲಿಲ್ಲ. ನಮ್ಮ ಕಡೆ ಮಳೆ ನಿಂತು ಎರಡು ದಿನವಾಗಿತ್ತು. ಮೇಲೆ ಎಲ್ಲೋ ಸುರಿದು ದಾರಿಯ ಹಳ್ಳ ಬಂದಿದೆ ಎಂದರು. ಪಕ್ಕದ ಮನೆಯ ಕುಲಸುಮಬಿ, ಅರವತ್ತು ದಾಟಿದ ಹೆಂಗಸು, ನನ್ನ ಕೈಯಿಂದ ಬಟ್ಟೆಯ ಚೀಲ ಕಸಿದುಕೊಂಡು ಬಜಾರದ ಕಡೆ ನಡೆದೇಬಿಟ್ಟಳು. ಹೆಸರುಕಾಳಿನ ಚೀಲ ಹೇರಿದ ಒಂದು ಲಾರಿ ಹೊರಟು ನಿಂತಿತ್ತು.

“ಧರ್ಮಾ, ಲೇ, ಈ ಬೇಟಿನ ಕಲಬುರ್ಗಿ ದವಾಖಾನಿಗೆ ಬಿಡು. ನಾನೂ ಬರ್ತೇನಿ.”

“ನೀ ಯಾಕ ಖಾಲಾ? ಗಾಡಿ ಮೊದಲ ವಜ್ಜೆ ಆಗ್ಯದ.”

“ನಿನ್ನ ಗಾಡಿ ದಾರ್ಯಾಗ ನಿಂತ್ರ ಬೈಯಾಕ ಒಬ್ರು ಬೇಕಲ್ಲೋ!”

ಆ ದಿನ ಕ್ಲೀನರ್ ಬಂದಿರಲಿಲ್ಲ. ಎಡಗಿಟಕಿಯ ಪಕ್ಕ ನಾನು, ನಡುವೆ ಕುಲಸುಮಬಿ. ಗಾಡಿ ಊರು ದಾಟಿದ ಕೂಡಲೇ ಧರ್ಮಣ್ಣ ಹೇಳಿದ: “ಬಾಯಾರ, ಇವತ್ತ ಎಡಗಡಿ ಕಣ್ಣು ನಿಮ್ದು. ಎಮ್ಮಿ ಬಂದ್ರ, ಗುಂಡಿ ಬಂದ್ರ ಹೇಳಬೇಕು.” ನನಗೋ ಮಗುವಿನ ಬಾಯಿ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಆದರೂ ಎರಡು ನಿಮಿಷಕ್ಕೊಂದು ಚಮಚ ನೀರು, ನಡುನಡುವೆ “ಎಮ್ಮೆ!” “ಗುಂಡಿ!” ಎಂದು ಕೂಗುತ್ತ ಹದಿನೈದು ಮೈಲಿ ಕಳೆದೆ. ಕೆಲಸವೊಂದು ಇದ್ದದ್ದಕ್ಕೆ ಅಳು ಬರಲಿಲ್ಲ.

ಆಮೇಲೆ ಎದುರಿನಿಂದ ಒಂದು ಟೆಂಪೊ ಬಂತು. ಅದರ ಡ್ರೈವರ್ ಅರ್ಧ ಮೈ ಹೊರಗೆ ಚಾಚಿ ಕೈಯನ್ನು ಬಾಗಿಲಿನ ಮೇಲಂಚಿಗೆ ಹಿಡಿದ; ಬೆರಳು ಗಿರಗಿರ ತಿರುಗಿಸಿದ. ನಮ್ಮ ಮುಂದಿದ್ದ ಜೀಪು, ಅದರ ಮುಂದಿದ್ದ ಎರಡು ಟ್ರ್ಯಾಕ್ಟರು ಕೂಡಲೇ ತಿರುಗತೊಡಗಿದವು.

“ಏನಂತೆ?”

“ಹಳ್ಳದಾಗ ಬಾಗಲ ಮಟ ನೀರು ಅಂತಾನ್ರಿ.”

“ಹಾಗಾದರೆ ತಿರುಗಿಸಿ! ಆಳಂದದ ಮೇಲೆ ಹೋಗೋಣ.”

“ಆಳಂದದ ಮ್ಯಾಲ ಹಾದು ಹೋದ್ರ ಸಂಜಿ ಆಗ್ತದ.”

“ಆದರೆ ಆಗಲಿ, ತಿರುಗಿಸಿ ಅಂದೆನಲ್ಲ!” ನನ್ನ ದನಿ ನನಗೇ ಕರ್ಕಶವಾಗಿ ಕೇಳಿತು. ಡಾಕ್ಟರು ಮಧ್ಯಾಹ್ನವೆಂದದ್ದು ನೆನಪಿತ್ತು; ಬಾಗಿಲ ಮಟ್ಟದ ನೀರು ಕಣ್ಣ ಮುಂದೆ ಕಟ್ಟುತ್ತಿತ್ತು.

ಧರ್ಮಣ್ಣ ತಿರುಗಿಸಲಿಲ್ಲ. ಲಾರಿಯನ್ನು ರಸ್ತೆಗೆ ಸ್ವಲ್ಪ ಅಡ್ಡ ಮಾಡಿ ಟೆಂಪೊ ನಿಲ್ಲುವಂತೆ ಮಾಡಿದ. ಇಳಿದು ಹೋಗಿ ಡ್ರೈವರನ ಮುಖವನ್ನೂ ನೋಡದೆ ಗಾಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಗಾಲಿಯ ನಡುವಿನ ಬೋಲ್ಟುಗಳ ಸಂದಿಗೆ ಹೆಬ್ಬೆರಳು ಹಾಕಿದ. ಒಣಗಿದ ಕರಿಮಣ್ಣು ಪುಡಿಪುಡಿಯಾಗಿ ಉದುರಿತು.

“ಬಾಗಲ ಮಟ ನೀರಾಗಿಂದ ಬಂದಿ. ನಿನ್ನ ಗಾಲಿ ಒಣಾ ಹ್ಯಾಂಗ ಅದ ತಮ್ಮಾ?”

“ನಾ ಹಳ್ಳಕ್ಕ ಹೋಗಿಲ್ಲಣ್ಣ. ಈಚೆ ಹೋಟೆಲ್‌ನ್ಯಾಗ ಚಾ ಕುಡಿಯೋವಾಗ ಅಂದ್ರು...”

“ಹೋಟೆಲ್‌ನವ ನೋಡ್ಯಾನೇನು?”

“ಅವ್ನಿಗೆ ಯಾರೋ ಅಂದ್ರಂತ...”

“ಹಾಂಗಾರ ಕೈ ಯಾಕ ಎತ್ತಿದಿ? ಬಾಯಿಲೆ ಸುಳ್ಳು ಹೇಳಿದ್ರ ಒಬ್ಬ ಕೆಡ್ತಾನ. ಕೈಲೆ ಹೇಳಿದ್ರ ಹಾದಿನ ಕೆಡ್ತದ. ಅಗಾ ನೋಡು, ಮೂರು ಗಾಡಿ ತಿರುಗಸ್ದಿ.”

ಟೆಂಪೊದವನು ತಲೆ ತುರಿಸಿಕೊಂಡ. ಕುಲಸುಮಬಿ ಕಿಟಕಿಯಿಂದಲೇ ಹರಸಿದಳು: “ನಿನ್ನ ಕೈಗೆ ಬಳಿ ಹಾಕ್ಲೋ, ಭಾಡ್ಯಾ!”

ಹಳ್ಳ ಸಿಕ್ಕಿತು. ತಗ್ಗು ಸೇತುವೆಯ ಮೇಲೆ ಕೆಂಪು ನೀರು ಹಾಯುತ್ತಿತ್ತು. ಅಂಚಿನ ಕಲ್ಲುಗಳ ತಲೆಗಳು ಮಾತ್ರ ಸಾಲಾಗಿ ಕಾಣುತ್ತಿದ್ದವು. ಎಷ್ಟು ಆಳ ಎಂದು ನೋಡಿ ಹೇಳುವುದು ನನ್ನಿಂದಾಗದು. ಆಚೆ ದಡದಲ್ಲಿ ಒಂದು ಖಾಲಿ ಲಾರಿ ನಿಂತಿತ್ತು, ಅದರ ಡ್ರೈವರ್ ದಡದಲ್ಲಿ ಕೂತು ಬೀಡಿ ಸೇದುತ್ತಿದ್ದ. ಧರ್ಮಣ್ಣ ಎರಡು ಸಲ ಹಾರ್ನ್ ಹೊಡೆದ. ಅವನು ಎದ್ದು ಬೀಡಿ ಎಸೆದು ಧೋತರ ಮೇಲಕ್ಕೆ ಕಟ್ಟಿದ.

ಆಗ ಕಂಡದ್ದು ಈ ಕಡೆಯ ಲಾರಿಯವರ ಪದ್ಧತಿ. ಈ ದಡದಿಂದ ಧರ್ಮಣ್ಣ ಜಾಕಿನ ರಾಡು ಊರುತ್ತ ನೀರಿಗಿಳಿದ. ಆ ದಡದಿಂದ ಅವನು ಇಳಿದ. ಹೆಜ್ಜೆಗೊಮ್ಮೆ ರಾಡಿನಿಂದ ಕುಟ್ಟಿ ನೋಡುತ್ತ ಇಬ್ಬರೂ ಬಂದು ಸೇತುವೆಯ ನಟ್ಟನಡುವೆ ಎದುರುಬದುರು ನಿಂತರು. ನೀರಿನ ಸದ್ದಿನ ಮೇಲೆ ಕೂಗಿಕೊಂಡ ಅವರ ಮಾತು ನಮಗೂ ಕೇಳುತ್ತಿತ್ತು.

“ಜೇವರ್ಗಿ ನಾಗಣ್ಣ ಏನೋ? ಗಡ್ಡ ಬಿಟ್ಟು ಸನ್ಯಾಸಿ ಆಗಿಯಲ್ಲೋ!”

“ಹೆಣ್ತಿ ತವರಿಗೆ ಹೋಗ್ಯಾಳ, ಯಾರಿಗೆ ತೋರಸ್ಲಿ? ನಿನ್ನ ಅರ್ಧ ಹೇಳು.”

“ನನ್ನ ಅರ್ಧ ಮೊಣಕಾಲಕಿಂತ ಕೆಳಗ. ನೆಲ ಗಟ್ಟಿ ಅದ. ನಿಂದು?”

“ಮೊಣಕಾಲೇ. ಆದ್ರ ಒಂದ್ಕಡಿ ಡಾಂಬರ್ ಕಿತ್ತು ಹೋಗ್ಯದ, ನಿನ್ನ ಎಡಕ್ಕ. ಆ ಕಲ್ಲಿಗೆ ವಸ್ತ್ರ ಕಟ್ಟಿ ಬಂದೀನಿ ನೋಡು. ಅಲ್ಲಿ ಬಲಕ್ಕ ಹಿಡಿ. ತಾಸಿನಿಂದ ನೀರು ಇಳಿಯಾಕತ್ತದ.”

“ನೀ ಯಾಕ ದಾಟಿಲ್ಲ?”

“ಖಾಲಿ ಗಾಡಿ, ತೇಲಿ ಹೋದ್ರ? ನಿನ್ನಂಥಾ ವಜ್ಜೆದ ಗಾಡಿ ಬರ್ಲಿ, ಹೆಂಗ ದಾಟ್ತದ ನೋಡಮ ಅಂತ ಕುಂತೀನಿ.”

ನೀರಿನಲ್ಲೇ ನಿಂತು ಇಬ್ಬರೂ ಕೈ ಹಿಡಿದು ಒಮ್ಮೆ ಕುಲುಕಿದರು. ನಂತರ ಪ್ರತಿಯೊಬ್ಬನೂ ತಾನು ಬಂದ ದಾರಿಯಲ್ಲೇ ಹಿಂದಿರುಗಿದ. ಇನ್ನೊಬ್ಬನ ಅರ್ಧವನ್ನು ಪರೀಕ್ಷಿಸಲು ಯಾರೂ ಹೋಗಲಿಲ್ಲ.

ಧರ್ಮಣ್ಣ ಹತ್ತಿ ಕೂತು, ತೊಯ್ದ ಕಾಲನ್ನು ಒರೆಸಿ, ಮೊದಲ ಗೇರು ಹಾಕಿದ. “ಬಾಯಾರ, ಕೂಸಿನ್ನ ಖಾಲಾನ ಕಡಿ ಕೊಡ್ರಿ. ವಸ್ತ್ರ ಕಟ್ಟಿದ ಕಲ್ಲು ಬಂದಾಗ ಹೇಳ್ರಿ. ಹತ್ತು ಮೊಳ ಇರೂದ್ರಾಗ.”

ನೀರು ಗಾಲಿಗೆ ಬಡಿದು ತಳದಲ್ಲಿ ಗುಡುಗಿತು. ಲಾರಿ ನಡುಗುತ್ತ ಆನೆಯ ಹಾಗೆ ಮೆಲ್ಲಗೆ ಸಾಗಿತು. ನಾನು ಕುತ್ತಿಗೆ ಹೊರಗೆ ಚಾಚಿ ಕಲ್ಲುಗಳನ್ನೇ ನೋಡುತ್ತಿದ್ದೆ. ಅರ್ಧ ದಾಟಿದ್ದೇ ತಡ, “ಬಂತು! ಬಂತು!” ಎಂದು ಚೀರಿದೆ.

ಧರ್ಮಣ್ಣ ಸ್ಟೇರಿಂಗ್ ತಿರುಗಿಸಲಿಲ್ಲ. “ವಸ್ತ್ರದ ಬಣ್ಣ ಯಾವ್ದು?”

ಬಣ್ಣ ಕಂಡಿರಲಿಲ್ಲ. ವಸ್ತ್ರವೇ ಕಂಡಿರಲಿಲ್ಲ.

“ಕಂಡದ್ದು ಹೇಳ್ರಿ ಬಾಯಾರ. ಅಂಜಿಕಿ ಹೇಳಬ್ಯಾಡ್ರಿ.”

ನಾನು ಒಂದೊಂದೇ ಕಲ್ಲನ್ನು ನೋಡತೊಡಗಿದೆ. ಒಂದು ಕಲ್ಲು ಹೋಯಿತು. ಇನ್ನೊಂದು. ನಾಲ್ಕನೆಯದರ ಆಚೆ ಹಸಿರು ಅಂಚಿನ ಬಿಳಿ ಬಟ್ಟೆಯೊಂದು ನೀರಿನಲ್ಲಿ ಪಟಪಟಿಸುತ್ತಿತ್ತು. “ಬಿಳಿ. ಹಸಿರು ಅಂಚು. ಹತ್ತು ಮೊಳ” ಎಂದೆ. ಸ್ಟೇರಿಂಗ್ ಬಲಕ್ಕೆ ಹೊರಳಿತು, ಲಾರಿ ವಾಲಿತು, ನೇರವಾಯಿತು, ಗಾಲಿ ಗಟ್ಟಿ ನೆಲ ಹಿಡಿದು ದಡಕ್ಕೇರಿತು. ನಾಗಣ್ಣ ದಡದಲ್ಲಿ ನಿಂತು ನಮ್ಮ ಗಾಲಿಯ ಮೇಲೆ ನೀರಿನ ಗೆರೆ ಎಲ್ಲಿಯವರೆಗೆ ಬಂದಿದೆ ಎಂದು ಬಗ್ಗಿ ನೋಡುತ್ತಿದ್ದ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆ. ಸಲೈನ್ ಹಚ್ಚಿದರು. ದೊಡ್ಡ ಡಾಕ್ಟರಮ್ಮ ಮಗುವಿನ ಹೊಟ್ಟೆಯ ಚರ್ಮ ಹಿಂಡಿ ನೋಡಿ, “ಉಚ್ಚೆ ಹೊಯ್ದರೆ ಗೆದ್ದ ಹಾಗೆ. ಅಲ್ಲಿಯವರೆಗೆ ನಾನೇನೂ ಹೇಳಲಾರೆ” ಎಂದರು. ಒಂದು ಗಂಟೆಯಾಯಿತು. ಎರಡಾಯಿತು. ಹೊರಗೆ ಮರದ ಕೆಳಗೆ ಹೆಸರುಕಾಳಿನ ಲಾರಿ ಅಲ್ಲೇ ನಿಂತಿತ್ತು.

“ಹೋಗೋ ಧರ್ಮಾ, ಕಾಳು ಕೊಳ್ಳೋ ಅಡತಿಯವ ನಿನ್ನ ದಾರಿ ಕಾಯಾಕತ್ತಿರಬೇಕು” ಎಂದು ಕುಲಸುಮಬಿ ಗದರಿದಳು.

“ಆಳಂದಕ್ಕ ಡಾಕ್ಟರ್ ಸಾಹೇಬ್ರಿಗೆ ಸುದ್ದಿ ಕಳಸಬೇಕಲ್ಲ ಖಾಲಾ.”

“ಕಳಸು. ಕೂಸು ದವಾಖಾನ್ಯಾಗ ಅದ ಅನ್ನು.”

“ಅಷ್ಟ ಕೇಳಿದ್ರ ಆ ಮನಿಷ್ಯಾ ದಾರಿಮ್ಯಾಲ ಜೀವ ಬಿಡ್ತಾನ. ಪೂರಾ ಸುದ್ದಿ ಆಗ್ಲಿ ತಡಿ.”

ಮೂರು ಗಂಟೆಗೆ ನನ್ನ ಮಡಿಲು ಬಿಸಿಬಿಸಿಯಾಗಿ ಒದ್ದೆಯಾಯಿತು. ಮಗುವನ್ನು ಮಂಚಕ್ಕಿಳಿಸಿ, ನರ್ಸಿಗೆ ಹೇಳುವುದನ್ನೂ ಮರೆತು ಬಾಗಿಲಿಗೆ ಬಂದು ಕುಲಸುಮಬಿಯನ್ನು ಕೂಗಿದೆ. ಅವಳ ಹಿಂದೆಯೇ ಧರ್ಮಣ್ಣನೂ ಬಂದ. ಹೆಂಗಸರ ವಾರ್ಡು, ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು ನನ್ನ ಸೀರೆಯ ಕಲೆಯನ್ನು ನೋಡಿದ. “ಹಾಂ” ಎಂದಷ್ಟೇ ಅಂದು ಹೊರಟುಹೋದ.

ಆಮೇಲಿನದು ನಮ್ಮವರು ಹೇಳಿದ್ದು. ಸಂಜೆ ಐದರ ಸುಮಾರಿಗೆ ಅವರು ಆಳಂದದ ದನದ ಆಸ್ಪತ್ರೆಯ ಮುಂದೆ ನಾಲ್ಕಾರು ಜನರೊಡನೆ ಚಹಾ ಕುಡಿಯುತ್ತಿದ್ದರು. ಅವರೆಂದೂ ಕಂಡಿರದ ಒಂದು ಲಾರಿ ಬಂದು ನಿಂತಿತು. ಅವರೆಂದೂ ಕಂಡಿರದ ಡ್ರೈವರ್ ತಲೆ ಹೊರಗೆ ಹಾಕಿದ.

“ಅಫಜಲಪುರ ಡಾಕ್ಟರ್ ಸಾಹೇಬ್ರು ಯಾರ್ರಿ? ನಿಮ್ಮ ಕೂಸು ಮೂರು ಗಂಟೆಕ್ಕ ಕಲಬುರ್ಗ್ಯಾಗ ಉಚ್ಚಿ ಹೊಯ್ದದ್ರಿ.”

ಜನ ನಕ್ಕರಂತೆ. ಇವರು ಕಪ್ಪು ಹಿಡಿದುಕೊಂಡೇ ನಿಂತರಂತೆ. ಡ್ರೈವರ್ ಮಾತ್ರ ನಗಲಿಲ್ಲ. “ವಾಂತಿ ಭೇದಿ ಆಗಿತ್ತಂತ್ರಿ. ಸಲೈನ್ ಹಚ್ಯಾರ. ಬಾಯಾರ ಜೋಡಿ ಕುಲಸುಮಬಿ ಅದಾಳ. ಈಗ ಫಿಕರ್ ಇಲ್ಲ. ಧರ್ಮಣ್ಣ ಕಣ್ಣಿಲೆ ನೋಡ್ಯಾನ್ರಿ” ಎಂದು ಗೇರು ಬದಲಿಸಿ ಹೊರಟೇಹೋದ. ಇವರು ಕಪ್ಪನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ರಸ್ತೆಯ ಇನ್ನೊಂದು ಬದಿಗೆ ಓಡಿ, ಕಲಬುರ್ಗಿಯ ಕಡೆ ಹೊರಟ ಮೊದಲ ಲಾರಿಗೆ ಕೈ ಮಾಡಿದರು.

ಏಳು ಗಂಟೆಗೆ ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರು. ಅಂಗಿಯ ತುಂಬ ಸಿಮೆಂಟಿನ ಧೂಳು. ನೇರ ಬಂದು, ಮಲಗಿದ್ದ ಮಗುವಿನ ಲಂಗೋಟಿಯ ಕೆಳಗೆ ಕೈ ಹಾಕಿ ನೋಡಿದರು. ಮತ್ತೆ ಒದ್ದೆಯಾಗಿತ್ತು. ಆಮೇಲೆ ಕೂತರು.