ಅಕ್ಕನ ಅಹವಾಲು ಆಲಿಸಲಾಗಿದೆ

ಮಾನ್ವಿಯ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಅದರಲ್ಲೂ ಬ್ರಿಟನ್ನಿನ ಸಂವಿಧಾನವೆಂದರೆ ನನ್ನ ಸ್ವಂತ ಆಸ್ತಿ ಎನ್ನುವಷ್ಟು ಹಮ್ಮು. ಲಂಡನ್ ಹಾಗಿರಲಿ, ಬೆಂಗಳೂರನ್ನೇ ನೆಟ್ಟಗೆ ನೋಡಿದವನಲ್ಲ ನಾನು. ಆದರೂ ಅಲ್ಲಿನ ಮಂತ್ರಿಗಳು ಸದನದಲ್ಲಿ ಯಾವ ಕಡೆ ಕೂರುತ್ತಾರೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಅಲ್ಲಿ ಸರ್ಕಾರ ಪಾರ್ಲಿಮೆಂಟಿನ ಒಳಗಿಂದಲೇ ಎದ್ದು ಬರುತ್ತದೆ, ಬಹುಮತ ಇರುವವರೆಗೆ ಆ ಪಾರ್ಲಿಮೆಂಟನ್ನೇ ಆಡಿಸುತ್ತದೆ. ಮಂತ್ರಿ ಕಾನೂನು ಮೀರಿದ್ದಾನೆ ಎಂದು ಕೋರ್ಟು ಹೇಳಬಹುದು, ಆದರೆ ಪಾರ್ಲಿಮೆಂಟು ಮಾಡಿದ ಕಾನೂನನ್ನು ಕಿತ್ತುಹಾಕುವಂತಿಲ್ಲ. ಎಲ್ಲವನ್ನೂ ಬರೆದಿಟ್ಟ ಒಂದೇ ಪುಸ್ತಕವೂ ಅಲ್ಲಿಲ್ಲ, ಬಹಳಷ್ಟು ರೂಢಿಯ ಮೇಲೆ ನಡೆಯುತ್ತದೆ. ಇಷ್ಟನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಸರ್ಕಾರ, ಪಾರ್ಲಿಮೆಂಟು, ಕೋರ್ಟು ಎಂದು ಮೂರು ಚೌಕ ಬರೆದು, ನಡುವೆ ಬಾಣ ಎಳೆದು ಹೇಳಿ, ಕೈಗೆ ಹತ್ತಿದ ಸುಣ್ಣ ಝಾಡಿಸಿಕೊಂಡು ಮನೆಗೆ ಬರುತ್ತಿದ್ದೆ.

ಅಕ್ಕ ದೇವದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಬಿಸಿಯೂಟ ಮಾಡುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಬಿಸಿಲಲ್ಲಿ ಕುಂತು ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವುದು ತಪ್ಪಿತ್ತು, ಊರಲ್ಲಿ 'ಶಾಲಿ ಅಡಗಿ ಮಾಡಾಕಿ' ಎಂಬ ಗುರುತು ಹುಟ್ಟಿತ್ತು. ಆ ಗುರುತಿನ ಮೇಲೆ ಅವಳಿಗೆ ಸಂಬಳಕ್ಕಿಂತ ಹೆಚ್ಚು ಆಸೆ. ಶಾಲೆಗಳಲ್ಲಿ ಒಂದು ಕ್ರಮ ಇದೆ. ಮಕ್ಕಳಿಗೆ ಬಡಿಸುವ ಮೊದಲು ಹೆಡ್‌ಮಾಸ್ತರು ಒಂದು ತಟ್ಟೆ ಉಂಡು, ಹೇಗಿತ್ತೆಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ನಾಲ್ಕು ವರ್ಷ ಆ ಪುಸ್ತಕದ ತುಂಬ ಒಂದೇ ಮಾತು, 'ರುಚಿ ಚೆನ್ನಾಗಿದೆ'. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಆ ಎರಡು ಪದಗಳನ್ನು ಮಾತ್ರ ಗುರುತು ಹಿಡಿಯುತ್ತಿದ್ದಳು.

ನಾವು ದಲಿತರು. ಇದು ನಾಲ್ಕು ವರ್ಷ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಶಾಲೆಯ ಸಮಿತಿ ಬದಲಾಯಿತು, ಹೊಸ ಅಧ್ಯಕ್ಷರು ಬಂದರು, ಊರೊಳಗಿನ ಮಕ್ಕಳು ಒಬ್ಬೊಬ್ಬರಾಗಿ ಮನೆಯಿಂದ ಡಬ್ಬಿ ತರತೊಡಗಿದರು. ಒಬ್ಬ ತಾಯಿ ಅಕ್ಕನ ಎದುರೇ ಹೇಳಿದಳಂತೆ, "ನಿಮ್ಮ ಮಂದಿ ಕೈಯಾಗಿಂದು ನಮ್ಮ ಹುಡುಗ್ರು ಉಣ್ಣಂಗಿಲ್ಲ" ಎಂದು. ಸಮಿತಿಯ ಠರಾವಿನಲ್ಲಿ ಮಾತ್ರ ಅಷ್ಟು ನಿಚ್ಚಳವಾಗಿ ಯಾರೂ ಬರೆಯುವುದಿಲ್ಲ. 'ಅಡುಗೆ ರುಚಿಯಿಲ್ಲ, ಸ್ವಚ್ಛತೆಯಿಲ್ಲ' ಎಂದು ಬರೆದು ಕಳಿಸಿದರು. ಮೇಲಿನ ಅಧಿಕಾರಿ ಅಕ್ಕನನ್ನು ಒಂದು ಮಾತೂ ಕೇಳದೆ ಅದೇ ವಾರ ತೆಗೆದುಹಾಕಿದ ಆದೇಶಕ್ಕೆ ಸಹಿ ಹಾಕಿದ.

ನನಗೆ ರೇಗಿತು. ಸಿಟ್ಟಿನ ಜೊತೆ ಒಂದು ಹುರುಪೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬೋರ್ಡಿನ ಮೇಲಿನ ಮೂರು ಚೌಕ ಕಡೆಗೂ ನಮ್ಮ ಮನೆಗೆ ಬಂದಿದ್ದವು. ಅಕ್ಕನನ್ನು ಕರೆದುಕೊಂಡು ರಾಯಚೂರಿಗೆ ಹೋಗಿ ವಕೀಲರ ಮುಂದೆ ಕೂತೆ. ಅವರು ಕಾಗದ ತಿರುವಿಹಾಕಿ ಎರಡು ದಾರಿ ತೋರಿಸಿದರು. ಜಾತಿಯ ಕಾರಣಕ್ಕೆ ತೆಗೆದರೆಂದು ಬರೆದರೆ ಸಾಕ್ಷಿ ಬೇಕು, ಎಳೆದಾಡುತ್ತದೆ, ಪತ್ರಿಕೆಯವರು ಮನೆ ಹುಡುಕಿಕೊಂಡು ಬರುತ್ತಾರೆ. ನೋಟಿಸು ಕೊಡದೆ ತೆಗೆದರೆಂದಷ್ಟೇ ಬರೆದರೆ ಗೆಲುವು ಕೈಯಲ್ಲಿಟ್ಟ ಹಾಗೆ.

ಅಕ್ಕ ಅಂದಳು, "ಸಾಹೇಬ್ರ, ಇದ್ದಿದ್ದು ಬರೀರಿ. ನನ್ನ ಕೈಯಾಗಿಂದು ಉಣ್ಣಂಗಿಲ್ಲ ಅಂದಾರ. ಅದನ್ನ ಬರೀರಿ."

"ನಿನಗ ಗೊತ್ತಾಗಂಗಿಲ್ಲ ಯಕ್ಕಾ, ಸುಮ್ಕಿರು," ಅಂದೆ ನಾನು. "ಎರಡನೇದು ಬರೀರಿ ಸರ್."

ನ್ಯಾಯಾಲಯ ನೋಡುವುದು ನಿರ್ಧಾರವನ್ನಲ್ಲ, ನಿರ್ಧರಿಸಿದ ಕ್ರಮವನ್ನು ಎಂದು ಅಲ್ಲೇ ಅಕ್ಕನಿಗೊಂದು ಪಾಠವನ್ನೂ ಮಾಡಿದೆ. ಪಾಠ ಸರಿಯಾಗಿತ್ತು, ಪಾಠ ಮಾಡಿದವನು ಕಳ್ಳ. ಮಾನ್ವಿಯಲ್ಲಿ ನಾನಿರುವ ಬಾಡಿಗೆ ಮನೆ ನಮ್ಮವರಿಗೆ ಕೊಡುವ ಓಣಿಯಲ್ಲಿಲ್ಲ. ಜಾತಿ ಕೇಳಿದವರಿಗೆ ನಾನು ಸುಳ್ಳು ಹೇಳಿರಲಿಲ್ಲ, ಮಾತು ಮರೆಸಿದ್ದೆ. ಮೊದಲು ನೋಡಿದ ಮೂರು ಮನೆಗಳಲ್ಲಿ ನಿಜ ಹೇಳಿ, ಬೀಗದ ಕೈ ತರಲು ಒಳಗೆ ಹೋದವರು ತಿರುಗಿ ಬಾರದ್ದನ್ನು ನೋಡಿದ್ದೆ. ಅಕ್ಕನ ಕೇಸು ಜಾತಿಯ ಕೇಸಾಗಿ, ಪೇಪರಿನಲ್ಲಿ ಊರು ಮನೆತನ ಬಂದರೆ ನನ್ನ ಹೆಂಡತಿ ಮಕ್ಕಳು ಮತ್ತೆ ಬೀದಿಗೆ. ವಕೀಲರ ಎದುರು ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಇದು.

ಹೈಕೋರ್ಟಿನಲ್ಲಿ ಗೆದ್ದೆವು. ನೋಟಿಸಿಲ್ಲದೆ ತೆಗೆದದ್ದು ತಪ್ಪು, ಆದೇಶ ರದ್ದು. ನಾನು ಪೇಡೆ ತಂದು ಸ್ಟಾಫ್ ರೂಮಿನಲ್ಲಿ ಹಂಚಿದೆ, ಯಾಕೆಂದು ಕೇಳಿದವರಿಗೆ ಮಗಳು ಪಾಸಾದಳು ಎಂದೆ. ತೀರ್ಪಿನ ಕೊನೆಯ ಸಾಲನ್ನು ವಕೀಲರು ಎರಡು ಸಲ ಓದಿದ್ದರು. ಕಾನೂನಿನಂತೆ ಅಹವಾಲು ಕೇಳಿ ಹೊಸದಾಗಿ ಕ್ರಮ ಕೈಗೊಳ್ಳಲು ಕಚೇರಿಗೆ ಅಡ್ಡಿಯಿಲ್ಲ ಎಂದಿತ್ತು. ಗೆದ್ದ ಅಮಲಿನಲ್ಲಿ ಅದು ನನ್ನ ಕಿವಿಗೆ ಬೀಳಲಿಲ್ಲ.

ಅಕ್ಕ ಇಪ್ಪತ್ತು ದಿನ ಅಡುಗೆ ಮಾಡಿದಳು. ನಮ್ಮ ಓಣಿಯ ಮಕ್ಕಳು ಉಂಡರು. ಉಳಿದವರು ಅಲ್ಲೇ ಸಾಲಿನಲ್ಲಿ ಕೂತು ಮನೆಯ ಡಬ್ಬಿ ತೆಗೆದರು. ಇಪ್ಪತ್ತೊಂದನೆಯ ದಿನ ವಿಚಾರಣೆಗೆ ಬರಬೇಕೆಂದು ನೋಟಿಸು ಬಂತು.

ಆ ವಾರ ಕ್ಲಾಸಿನಲ್ಲಿ ನಡೆಯುತ್ತಿದ್ದದ್ದು ಇತ್ತೀಚಿನ ಒಂದು ಸಂಗತಿ. ಆಶ್ರಯ ಕೇಳಿಕೊಂಡು ಬಂದವರನ್ನು ಬ್ರಿಟನ್ನಿನ ಸರ್ಕಾರ ಆಫ್ರಿಕಾದ ಒಂದು ದೇಶಕ್ಕೆ ಸಾಗಹಾಕಲು ಹೊರಟಿತ್ತು. ಆ ದೇಶ ಅವರಿಗೆ ಸುರಕ್ಷಿತವಲ್ಲ, ಕಳಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಸರ್ಕಾರ ಪಾರ್ಲಿಮೆಂಟಿಗೆ ಹೋಯಿತು. ಪಾರ್ಲಿಮೆಂಟು ಆ ದೇಶ ಸುರಕ್ಷಿತ ಎಂದೇ ಕಾನೂನು ಮಾಡಿತು. ಮುಂದೆ ಸರ್ಕಾರ ಬದಲಾಗಿ ಆ ಯೋಜನೆ ಬಿದ್ದುಹೋಯಿತು, ಅದು ಬೇರೆ ಮಾತು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಕೋರ್ಟ್ ಹೇಳಿದ್ ಮ್ಯಾಲೂ ಅವರೇ ಮತ್ತ ಬರಕೊಂಡ್ರ, ಗೆದ್ದವ್ರು ಗೆದ್ದಿದ್ದೇನ್ರಿ?"

ಪಾರ್ಲಿಮೆಂಟಿನ ಪರಮಾಧಿಕಾರ ಎಂದು ಏನೋ ಹೇಳಿದೆ. ಅವಳು ಬರೆದುಕೊಂಡಳು. ನನ್ನ ಜೇಬಿನಲ್ಲಿ ಅಕ್ಕನ ನೋಟಿಸಿತ್ತು.

ವಿಚಾರಣೆಗೆ ಅಕ್ಕನ ಜೊತೆ ಹೋದೆ. ಅಧಿಕಾರಿ ಅದೇ ಮನುಷ್ಯ. ಈ ಸಲ ಎದ್ದು ನಿಂತ, "ಬರ್ರಿ, ಕುಂದರ್ರಿ" ಎಂದು ಅಕ್ಕನಿಗೆ ಕುರ್ಚಿ ತರಿಸಿದ, ಫ್ಯಾನು ಅವಳ ಕಡೆ ತಿರುಗಿಸಿದ. ಗುಮಾಸ್ತ ಒಬ್ಬೊಬ್ಬರ ಮಾತನ್ನೂ ಚಾಚೂ ತಪ್ಪದೆ ಬರೆದುಕೊಂಡ. ಮೇಜಿನ ಮೇಲೆ ಸಮಿತಿಯ ಹೊಸ ಠರಾವು ಇತ್ತು, ದೂರು ಹಳೆಯದೇ. ಸಭೆಗೆ ಏಳು ದಿನ ಮೊದಲೇ ತಿಳಿವಳಿಕೆ ಕೊಟ್ಟಿದ್ದರು, ಎಲ್ಲರ ಸಹಿಯಿತ್ತು. ಹೆಡ್‌ಮಾಸ್ತರು ತಂದಿದ್ದ ರುಚಿಯ ಪುಸ್ತಕವನ್ನು ನಾನು ತೆಗೆದು ತೋರಿಸಿದೆ. ಹೆಡ್‌ಮಾಸ್ತರು ತಲೆ ತಗ್ಗಿಸಿಕೊಂಡೇ ಹೇಳಿದರು, "ಅದು ರೂಢಿ ಪ್ರಕಾರ ಬರದಿದ್ದು ಸರ್. ದಿನಾ ಹಂಗೇ ಬರೀತೀವಿ."

ಅಧಿಕಾರಿ ಅಕ್ಕನ ಕಡೆ ತಿರುಗಿ, "ಯವ್ವಾ, ನಿಮ್ಮ ಮ್ಯಾಲ ಇವ್ರಿಗೆ ಬ್ಯಾರೆ ಏನಾರ ಸಿಟ್ಟು ಅದ ಅಂತ ಅನಿಸ್ತದೇನು? ಇದ್ರ ಹೇಳ್ರಿ, ಬರಕೋತೀವಿ," ಎಂದ.

ಅವನು ಕೇಳಬೇಕಾದದ್ದನ್ನೇ ಕೇಳಿದ್ದ. ಗುಮಾಸ್ತ ಪೆನ್ನು ಹಿಡಿದು ಕಾದ. ಹೇಳಿದರೆ ಅದು ದಾಖಲೆಗೆ ಹೋಗುತ್ತಿತ್ತು, ಮುಂದಿನ ಕೋರ್ಟು ಅದನ್ನು ನೋಡಲೇಬೇಕಾಗುತ್ತಿತ್ತು. ಅಕ್ಕ ನನ್ನ ಮುಖ ನೋಡಿದಳು. ನಾನು ಅವಳನ್ನು ನೋಡಬೇಕಿತ್ತು, ನೋಡಲಿಲ್ಲ. ರುಚಿಯ ಪುಸ್ತಕದ ಹಾಳೆ ತಿರುವುತ್ತ ಕೂತೆ.

"ಏನಿಲ್ರಿ," ಅಂದಳು ಅಕ್ಕ. ಗುಮಾಸ್ತ ಅದನ್ನೂ ಬರೆದುಕೊಂಡ.

ಎರಡನೆಯ ಆದೇಶ ಹತ್ತು ದಿನಕ್ಕೆ ಬಂತು. ನೋಟಿಸು ನೀಡಲಾಗಿದೆ, ಅಹವಾಲು ಆಲಿಸಲಾಗಿದೆ, ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ವಕೀಲರು ಫೋನಿನಲ್ಲಿ ಪೂರ್ತಿ ಓದಿಸಿಕೊಂಡು ಕೇಳಿ, ಈ ಸಲ ತಪ್ಪು ಹುಡುಕುವುದು ಕಷ್ಟ, ಅವರೂ ಕಲಿತಿದ್ದಾರೆ ಎಂದರು.

ಆದೇಶ ಹಿಡಿದು ಊರಿಗೆ ಹೋದೆ. ಅಕ್ಕ ಯಾರದೋ ಕಣದಲ್ಲಿ, ಕೆಂಪು ರಾಶಿಯ ಪಕ್ಕ ಕೂತು ಮೆಣಸಿನಕಾಯಿ ಬಿಡಿಸುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು. ಘಾಟಿಗೆ ನನಗೆ ಕೆಮ್ಮು ಹತ್ತಿತು.

"ಅವತ್ತ್ ಯಾಕ ಹೇಳ್ಲಿಲ್ಲ ಯಕ್ಕಾ? ಅವ ತಾನಾಗೇ ಕೇಳಿದ್ನಲ್ಲ," ಅಂದೆ. ಯಾವ ಮುಖ ಇಟ್ಟುಕೊಂಡು ಕೇಳಿದೆನೋ ನನಗೇ ತಿಳಿಯದು.

ಅವಳು ಕೈ ನಿಲ್ಲಿಸಲಿಲ್ಲ. "ಹೋದ ವರ್ಷ ಕಾಳು ಕೊಡಾಕಂತ ನಿಮ್ಮ ಮನಿಗಿ ಬಂದಿದ್ನೆಲ್ಲ, ನೀನೂ ನಿನ್ನ ಹೇಣ್ತಿನೂ ಇರ್ಲಿಲ್ಲ. ಮನಿ ಮಾಲೀಕಳು ಬಂದು ಕೇಳಿದ್ಳು, ನೀ ಯಾರಬೇ, ಮಾಸ್ತರಿಗೆ ಏನಾಗ್ಬೇಕು ಅಂತ."

"ಏನಂದಿ?"

"ಅವ್ರ ಹೊಲದಾಗ ದುಡಿಯಾಕಿ ರೀ, ಅಂದೆ. ಹೊರಗಿನ ಕಟ್ಟಿ ಮ್ಯಾಲ ಕುಂದ್ರಿಸಿ ಚಾ ಕೊಟ್ಳು ಪಾಪ. ನಿನಗ ಹೇಳೇ ಇಲ್ಲ ತಮ್ಮಾ. ಇರ್ಲಿ ಬಿಡು, ನಿನ್ನ ಮಕ್ಕಳು ಸಾಲಿಗಿ ಹೋಗಾಕತ್ತಾವು."

ನಮಗೆ ಹೊಲವೇ ಇಲ್ಲ. ನಾನು ಅವಳ ಪಕ್ಕ ಕೂತೆ. ಅವಳು ಬೇಡವೆಂದರೂ ಕೇಳದೆ, ಕತ್ತಲಾಗುವವರೆಗೆ ಅವಳ ಜೊತೆ ಮೆಣಸಿನಕಾಯಿ ಬಿಡಿಸಿದೆ.