ಜಾಂಬು ಹೊರಗೆ ಬಂದ ದಿನ

ಬೇಸಿಗೆ ರಜೆ ಬಂತೆಂದರೆ ಚಿಕ್ಕಲಸಂದ್ರದ ನನ್ನ ಗೆಳತಿಯರೆಲ್ಲ ಅಜ್ಜಿ ಮನೆಗೆ ಹೋಗುತ್ತಿದ್ದ ಕಾಲ. ನಾನು ಕರಡಿ ಮನೆಗೆ ಹೋಗುತ್ತಿದ್ದೆ. ಅಮ್ಮ ಊರಾಚೆಯ ಒಂದು ಸಣ್ಣ ಮೃಗಾಲಯದಲ್ಲಿ ಕರಡಿ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಕುದಿಯುವ ರಾಗಿ ಗಂಜಿ ಮತ್ತು ಬೆಲ್ಲದ ವಾಸನೆ ಸಂಜೆ ಅವಳ ಸೀರೆಯಲ್ಲೂ ಇರುತ್ತಿತ್ತು. ನಾನು ಅಡುಗೆ ಕೋಣೆಯಲ್ಲಿ ಕೂತು ಐದು ಕಲ್ಲಿನಾಟ ಆಡುತ್ತಿದ್ದೆ.

ಗಂಜಿ ಆರಿದ ಮೇಲೆ ಅಮ್ಮ ಬಕೆಟ್ಟನ್ನು ಸೌಟಿನಿಂದ ಮೂರು ಸಲ ಬಡಿಯುತ್ತಿದ್ದಳು. ಜಾಂಬು ಎಂಬ ಹೆಣ್ಣು ಕರಡಿ ಬೇಲಿಯೊಳಗೆ ಎಲ್ಲಿದ್ದರೂ ಗೂಡಿಗೆ ಬರುತ್ತಿತ್ತು. ಒಮ್ಮೆ ನಾನು ಆಟಕ್ಕೆ ಬಡಿದಾಗ ಅಮ್ಮ ಸೌಟು ಕಿತ್ತುಕೊಂಡಳು.

"ಖಾಲಿ ಬಕೆಟ್ ಬಡೀಬಾರ್ದು ಕಣೇ. ಒಂದ್ ಸಲ ಮೋಸ ಹೋದ್ರೆ ಆಮೇಲೆ ಅದು ಬರಲ್ಲ."

ಒಂದು ದಿನ ನಾನು ಹಸಿವು ಹಸಿವು ಎಂದು ರಾಗ ಎಳೆದೆ. ಗೂಡು ತೊಳೆಯುತ್ತಿದ್ದ ಅಮ್ಮ ಅರ್ಧಕ್ಕೇ ಬಿಟ್ಟು ಬಂದಳು. ಚಿಲಕ ಹಾಕಲು ಮರೆತಳು. ನಾವು ಊಟದ ಡಬ್ಬಿ ತೆರೆಯುವ ಮೊದಲೇ ಜಾಂಬು ಹೊರಗೆ, ಐಸ್‌ಕ್ರೀಮ್ ಗಾಡಿಯ ಹತ್ತಿರ ನಿಂತಿತ್ತು.

ಕಾವಲಿನವರು ಜನರನ್ನು ಟಿಕೆಟ್ ಕೋಣೆಗೆ ತಳ್ಳಿದರು. ಇಬ್ಬರು ಮಕ್ಕಳಿದ್ದ ಒಂದು ಕುಟುಂಬ ಮಾತ್ರ ಗಾಡಿಯ ಆಚೆ ಗೋಡೆಗೆ ಅಂಟಿಕೊಂಡು ಸಿಕ್ಕಿಬಿದ್ದಿತ್ತು. ಮೇಲ್ವಿಚಾರಕರು ಬಂದೂಕಿನವನನ್ನು ಕರೆತಂದರು. ಮತ್ತಿನ ಮದ್ದು ಹೊಡೆದರೆ ಕರಡಿ ತಕ್ಷಣ ಬೀಳುವುದಿಲ್ಲ; ಅಷ್ಟರಲ್ಲಿ ರೇಗಿ ಮಕ್ಕಳ ಮೇಲೆ ಹೋಗಬಹುದು.

"ಚಿಲಕ ನಾನೇ ಮರೆತಿದ್ದು ಸಾರ್," ಅಂದಳು ಅಮ್ಮ. "ಅದು ಮಕ್ಕಳ ಕಡೆ ಹೋದ್ರೆ ಹೊಡೀರಿ, ನಾನು ಅಡ್ಡ ಬರಲ್ಲ. ಅಲ್ಲೀವರ್ಗೂ ನನಗ್ ಬಿಡಿ."

"ಹಂಗಾದ್ರೆ ಬೇಗ ಬಕೆಟ್ ಬಡಿಯಮ್ಮ."

"ಗಂಜಿ ಇನ್ನೂ ಕುದೀತಿದೆ ಸಾರ್. ಖಾಲಿ ಬಡಿಯಲ್ಲ."

"ಇಂಥಾ ಹೊತ್ತಲ್ಲೂ ನಿಂದೊಂದು ಶಾಸ್ತ್ರ."

ಅಮ್ಮ ಅಡುಗೆ ಕೋಣೆಯೊಳಗೆ ಕೂಡಿಹಾಕಿದ್ದ ನನ್ನ ಕಡೆ ತಿರುಗಿದಳು. "ಊಟದ ಡಬ್ಬಿ ಕೊಡು." ಕಿಟಕಿಯ ಸರಳಿನ ಸಂದಿಯಿಂದ ಕೊಟ್ಟೆ. ನಮ್ಮಿಬ್ಬರ ಮುದ್ದೆ ಬಕೆಟ್ಟಿಗೆ ಬಿತ್ತು, ಮೇಲೊಂದು ಉಂಡೆ ಬೆಲ್ಲ. ಆಮೇಲೆ ಬಡಿದಳು, ಮೂರು ಸಲ.

ಜಾಂಬು ಮೂತಿ ಎತ್ತಿತು. ಮಕ್ಕಳ ಕಡೆ ನೋಡಿತು. ಬಂದೂಕು ಮೇಲೆದ್ದಿತು. ಅಮ್ಮ ಅತ್ತ ನೋಡದೆ ಗೂಡಿನತ್ತ ನಡೆದಳು, ದಿನಾ ನಡೆಯುವಷ್ಟೇ ನಿಧಾನ. ಜಾಂಬು ಹಿಂದೆಯೇ ಬಂತು. ಬಕೆಟ್ಟನ್ನು ಒಳಗಿಟ್ಟು ಅಮ್ಮ ಪಕ್ಕದ ಸಣ್ಣ ಬಾಗಿಲಿನಿಂದ ಹೊರಬಂದಳು. ಕರಡಿ ಒಳಹೊಕ್ಕಿದ್ದೇ ತಡ, ಸರಪಳಿ ಎಳೆದು ಬಾಗಿಲು ಬೀಳಿಸಿದಳು. ಆಮೇಲೆ ಆ ಕುಟುಂಬದ ಹತ್ತಿರ ಹೋಗಿ ಕೈಮುಗಿದಳು.

ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕೇಳಿದೆ: "ಜಾಂಬೂನ ನಿಜವಾಗ್ಲೂ ಹೊಡೀರಿ ಅಂದ್ಯಾ ಅಮ್ಮ?"

"ಹೂಂ. ನಿಜವಾಗ್ಲೂ."



ಈಗ ಆ ಮೃಗಾಲಯವಿಲ್ಲ, ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ. ಅಮ್ಮ ಹೋಗಿ ಐದು ತಿಂಗಳಾಯಿತು. ಆಸ್ಪತ್ರೆಯಲ್ಲಿ, ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ, ನಾನು ಅವಳಿಗೆ "ನಾಳಿದ್ದು ಮನೆಗ್ ಹೋಗೋಣ" ಅಂದಿದ್ದೆ. ಅವಳು ನನ್ನ ಮುಖ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು. ಸತ್ಯ ಹೇಳಿದ್ದರೆ ಅವಳು ನನಗೇನು ಹೇಳುತ್ತಿದ್ದಳೋ, ಅದು ನನಗೆ ಸಿಗಲಿಲ್ಲ.

ಮೊನ್ನೆ ಮಗಳು ಕೇಳಿದಳು, ಅಜ್ಜಿ ಆಸ್ಪತ್ರೆಯಿಂದ ಯಾವಾಗ ಬರ್ತಾರೆ ಅಂತ. ಊರಿಗೆ ಹೋಗಿದ್ದಾರೆ ಅನ್ನು ಎಂದು ಪಕ್ಕದ ಮನೆಯವರು ಕಣ್ಸನ್ನೆ ಮಾಡಿದರು.

"ಬರಲ್ಲ ಪುಟ್ಟಿ," ಅಂದೆ. "ಸತ್ತುಹೋದ್ರು."

ಸಂಜೆಯೆಲ್ಲ ಅತ್ತಳು. ನಾನು ಪಕ್ಕದಲ್ಲೇ ಕೂತಿದ್ದೆ.