ನಾಳೆ ಹೋದ್ರಾಯ್ತು

ಅತ್ತೆ, ನಿಮ್ಮ ಕಾಲು ಹೋದದ್ದು ಸಕ್ಕರೆ ಕಾಯಿಲೆಯಿಂದಲ್ಲ — ನನ್ನಿಂದ. ಕೀವು ಕೀಲಿಗೆ ಇಳಿಯುತ್ತಿದ್ದದ್ದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ರೇಷ್ಮೆ ಸೊಪ್ಪು ಕೊಯ್ಯುವಾಗ ಕೊಯ್ದ ಗಿಡದ ಕೂಳೆ ತಾಕಿ ನಿಮ್ಮ ಕಾಲಿನ ಹರಡಿನ ಮೇಲೆ ಗಾಯವಾಯಿತಲ್ಲ, ಆಗ ರಾಮನಗರದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಶುಗರ್ ಇರೋರಿಗೆ ನೋವು ಗೊತ್ತಾಗಲ್ಲಮ್ಮ. ಕೀಲು ಊದಿದ್ರೆ, ವಾಸನೆ ಬಂದ್ರೆ ಅವತ್ತೇ ಕರ್ಕೊಂಡು ಬನ್ನಿ." ದಿನವೂ ಬಟ್ಟೆ ಬಿಚ್ಚಿ, ತೊಳೆದು ಕಟ್ಟುತ್ತಿದ್ದವಳು ನಾನು. ನಿಮಗೆ ಕಣ್ಣು ಮಂಜು. ಒಂದು ಬೆಳಗ್ಗೆ ಬಿಚ್ಚಿದರೆ — ಗಬ್ಬು ನಾತ. ಹರಡು ಊದಿ ಕಾದಿತ್ತು.

"ಒಸಿ ನಾತ ಬಂದಂಗಾಯ್ತದಲ್ಲವ್ವ, ಆಸ್ಪತ್ರೆಗೆ ಹೋಗಾನಾ?" ಅಂದಿರಿ.

"ಅದು ಹುಳದ ಮನೆ ನಾತ ಅತ್ತೆ. ನಾಳೆ ಹೋದ್ರಾಯ್ತು."

ನಿಮ್ಮದೇ ಮಾತು ಅದು. ವರ್ಷಗಳ ಹಿಂದೆ, ತುಂಬು ಬಸುರಿ ನಾನು, ಕೂಸು ಅಲ್ಲಾಡುತ್ತಿಲ್ಲ ಎಂದು ಅತ್ತಾಗ ನೀವು ತಲೆಯನ್ನೂ ಎತ್ತಲಿಲ್ಲ. "ಹುಳ ಹಣ್ಣಾಗವೆ, ಗೂಡು ಕಟ್ಟಾಕೆ ಇವತ್ತೇ ಚಂದ್ರಿಕೆಗೆ ಬುಡಬೇಕು. ನಾಳೆ ಹೋದ್ರಾಯ್ತು ಬುಡು." ಹಣ್ಣಾದ ಹುಳ ಕಾಯುವುದಿಲ್ಲ, ನಿಜ. ನನ್ನ ಕೂಸೂ ಕಾಯಲಿಲ್ಲ. ಆ ಸಲ ಗೂಡು ಚೆನ್ನಾಗಿ ಬಂತು. ನೀವು ನಗುನಗುತ್ತಾ ಮಾರ್ಕೆಟ್ಟಿಗೆ ಕಳಿಸಿದಿರಿ — ನಾನು ಬರಿದಾದ ಮಡಿಲು ಹಿಡಿದು ನೋಡುತ್ತಿದ್ದೆ. ಅಂದಿನಿಂದ ಹಲ್ಲು ಕಚ್ಚಿಕೊಂಡೇ ನಿಮಗೆ ಮುದ್ದೆ ಬಡಿಸಿದ್ದೇನೆ.

ಹಾಗಾಗಿ ಆ ಬೆಳಗ್ಗೆ ನಿಮ್ಮ ಮಾತನ್ನು ನಿಮಗೇ ಹಿಂದಿರುಗಿಸಿದಾಗ — ಮುಚ್ಚಿಡುವುದೇನು — ನನಗೆ ಹಿತವಾಯಿತು. ಮರುದಿನವೂ ನಾಳೆ ಎಂದೆ. ಅದರ ಮರುದಿನವೂ. ನೀವು ಚಳಿಜ್ವರದಲ್ಲಿ ನಡುಗತೊಡಗಿದ ಮೇಲೆ ನಿಮ್ಮ ಮಗ ಆಟೊ ತಂದರು. ಅಷ್ಟರಲ್ಲಿ ಮೂಳೆಗೂ ಹತ್ತಿತ್ತು. ಕಾಲು ತೆಗೆಯದಿದ್ದರೆ ಜೀವ ಉಳಿಯದು ಎಂದರು ಡಾಕ್ಟರು.

ಆಪರೇಷನ್ನಿಗೆ ಒಯ್ಯುವ ಮುಂಚೆ ನೀವು ನನ್ನ ಕೈ ಹಿಡಿದುಕೊಂಡಿರಿ. "ಅವತ್ತು ನಿನ್ನ ತಡೆದ್ನಲ್ಲವ್ವ, ಅದಕ್ಕೇ ದೇವ್ರು ನನ್ನ ಕಾಲು ಕಿತ್ಕತಾವ್ನೆ." ಈ ಒಂದು ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಬಂತು. ಆದರೂ ನಿಜ ಹೇಳಲಿಲ್ಲ. ನನ್ನ ಕೆಲಸವನ್ನು ದೇವರ ತಲೆಗೆ ಕಟ್ಟಿಬಿಟ್ಟೆ.

ಈಗ ಶನಿವಾರ ಬಂತೆಂದರೆ ಕೆಂಗಲ್ ಆಂಜನೇಯನಿಗೆ ತಪ್ಪುಕಾಣಿಕೆ ಎತ್ತಿಡುತ್ತೀರಿ. ಅದನ್ನು ನೋಡುತ್ತಾ ಇರಲು ನನ್ನಿಂದ ಆಗುತ್ತಿಲ್ಲ. ನಿಮ್ಮನ್ನು ನಾನಿನ್ನೂ ಕ್ಷಮಿಸಿಲ್ಲ, ಸುಳ್ಳು ಹೇಳುವುದಿಲ್ಲ. ನೀವೂ ನನ್ನನ್ನು ಕ್ಷಮಿಸಬೇಕಿಲ್ಲ. ಈ ಶನಿವಾರ ನೀವು ಕಾಣಿಕೆಗೆ ಕೈ ಹಾಕುವ ಮೊದಲೇ ಮುಂದೆ ಕೂತು ಹೇಳುತ್ತೇನೆ — ದೇವರಲ್ಲ ಅತ್ತೆ, ನಾನು.